ಕೆಲಸದ ವೀಸಾ ಯಾರ ಜೇಬಿನಲ್ಲಿರಬೇಕು?

2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು, ಕಾಗದ ಇಲ್ಲದೆ ಅಲ್ಲಿದ್ದ 104 ಭಾರತೀಯರನ್ನು ಅಮೃತಸರಕ್ಕೆ ತಂದು ಇಳಿಸಿತು. ಕೈಗೆ ಕೋಳ, ಕಾಲಿಗೆ ಸರಪಳಿ. ಆ ವಿಡಿಯೋ ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲೂ ಓಡಾಡಿತು. ಅವತ್ತಿನಿಂದ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತಿದೆ. ಅಡಿಕೆ ಮಂಡಿಯಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ. "ಅವರಿಗೆ ಆಳು ಬೇಕು, ಇವರಿಗೆ ಕೆಲಸ ಬೇಕು. ಎರಡು ಮೂರು ವರ್ಷಕ್ಕೆ ಅಂತ ವೀಸಾ ಕೊಟ್ಟು ಕರೆಸ್ಕೊಂಡು, ಮುಗಿದ ಮೇಲೆ ವಾಪಸ್ ಕಳ್ಸಿದ್ರೆ ಆಯ್ತಲ್ಲ. ಕದ್ದು ಹೋಗೋ ಗೋಜೇ ಇರಲ್ಲ."

ಈ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಅಂಥದ್ದೇ ವೀಸಾದಲ್ಲಿ ಸೌದಿಯಲ್ಲಿ ದುಡಿದು ಬಂದವನು ನಾನು. ಈಗ ತೀರ್ಥಹಳ್ಳಿ ಹತ್ತಿರ ಒಂದು ಸಣ್ಣ ಅಡಿಕೆ ತೋಟ ಇದೆ. ಹೊರಗಿನಿಂದ ಬಂದ ಕೆಲಸದವರಿಗೆ ನಾನೇ ಸಂಬಳ ಕೊಡುತ್ತೇನೆ. ಎರಡೂ ಕಡೆ ನಿಂತು ನೋಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಕೆಲಸದ ವೀಸಾ ಕಳ್ಳದಾರಿಯನ್ನು ಮುಚ್ಚಬಹುದು. ಆದರೆ ಆ ವೀಸಾ ಕೆಲಸಗಾರನದ್ದಾಗಿರಬೇಕು. ಮಾಲೀಕನದ್ದಾದರೆ ಅದೇ ವೀಸಾ ಹೊಸ ಅಕ್ರಮ ವಲಸಿಗರನ್ನು ಹುಟ್ಟಿಸುತ್ತದೆ.

ನಾನು ಭದ್ರಾವತಿಯಲ್ಲಿ ಐಟಿಐ ಫಿಟ್ಟರ್ ಮಾಡಿದವನು. ಅಪ್ಪನ ಕಾಲದಲ್ಲಿ ಫಿಟ್ಟರ್ ಓದಿದವನಿಗೆ ಒಂದೋ ಕಬ್ಬಿಣದ ಕಾರ್ಖಾನೆ, ಇಲ್ಲಾಂದ್ರೆ ಪೇಪರ್ ಮಿಲ್. ನಾನು ಸರ್ಟಿಫಿಕೇಟ್ ಹಿಡಿದು ಹೊರಗೆ ಬರುವ ಹೊತ್ತಿಗೆ ಅಲ್ಲಿ ಪರ್ಮನೆಂಟ್ ಕೆಲಸ ಅನ್ನುವುದು ಕನಸಾಗಿತ್ತು. ಮುಂಬೈ ಏಜೆಂಟ್ ಒಬ್ಬನ ಮೂಲಕ ಜುಬೈಲ್‌ನ ಕೆಲಸ ಗೊತ್ತಾಯಿತು. ಅಮ್ಮನ ಸರ ಒತ್ತೆಗೆ ಹೋಯಿತು. ಮುಂಬೈಯಲ್ಲಿ ಇಂಗ್ಲಿಷಿನಲ್ಲಿದ್ದ ಒಂದು ಒಪ್ಪಂದಕ್ಕೆ ಸಹಿ ಹಾಕಿದ್ದೆ. ಜುಬೈಲ್‌ನಲ್ಲಿ ಅರಬ್ಬಿಯ ಇನ್ನೊಂದು ಕಾಗದ ಕೊಟ್ಟರು, ಅದರಲ್ಲಿ ಸಂಬಳ ಕಡಿಮೆ. ಸಾಲ ಮಾಡಿ ಬಂದವನು ಅಲ್ಲಿ ನಿಂತು ಏನು ವಾದ ಮಾಡುತ್ತಾನೆ? ಮೊದಲ ದಿನವೇ ಪಾಸ್‌ಪೋರ್ಟ್ ತೆಗೆದುಕೊಂಡರು. "ಆಫೀಸಲ್ಲಿ ಸೇಫಾಗಿರುತ್ತೆ" ಅಂದರು. ಬದಲಿಗೆ ಬಂದದ್ದು ಇಕಾಮಾ, ಅಂದರೆ ಅಲ್ಲಿ ಇರಲು ಕೊಡುವ ಪರ್ಮಿಟ್ ಕಾರ್ಡು. ಅದರಲ್ಲಿ ನನ್ನ ಹೆಸರಿನ ಜೊತೆ ನನ್ನನ್ನು ಕರೆಸಿಕೊಂಡ ಕಫೀಲನ ಹೆಸರೂ ಇತ್ತು. ಅವನ ಒಪ್ಪಿಗೆ ಇಲ್ಲದೆ ಬೇರೆ ಕಂಪನಿಗೆ ಸೇರುವ ಹಾಗಿಲ್ಲ. ಅವನು ಎಕ್ಸಿಟ್ ಹಾಕಿಸದೆ ಊರಿಗೆ ಹೋಗುವ ಹಾಗೂ ಇಲ್ಲ.

ನನಗೆ ದೊಡ್ಡ ತೊಂದರೆ ಆಗಲಿಲ್ಲ. ನಮ್ಮ ಕಂಪನಿಯ ಸಂಬಳ ತಡವಾದರೂ ಬರುತ್ತಿತ್ತು. ತೊಂದರೆಗೆ ಸಿಕ್ಕಿದ್ದು ನನ್ನ ರೂಮಿನವನು, ಕರೀಂನಗರದ ಕಡೆಯ ಮೇಸ್ತ್ರಿ. ಅವನು ಸಣ್ಣ ಸಬ್ ಕಾಂಟ್ರಾಕ್ಟಿನವರ ವೀಸಾದಲ್ಲಿ ಬಂದಿದ್ದ. ತಿಂಗಳುಗಟ್ಟಲೆ ಸಂಬಳ ಇಲ್ಲ. ಊರಲ್ಲಿ ಸಾಲಗಾರರು ಬಾಗಿಲಿಗೆ ಬರುತ್ತಿದ್ದರು. ಒಂದು ದಿನ ಹೊರಗೆ ಟೈಲ್ಸ್ ಕೆಲಸ ಸಿಕ್ಕಿತು ಅಂತ ಹೋದ. ಕಂಪನಿಯವರು ಅವನ ಮೇಲೆ ಹುರೂಬ್ ಹಾಕಿಸಿದರು. ಹುರೂಬ್ ಅಂದರೆ 'ಓಡಿಹೋಗಿದ್ದಾನೆ' ಅಂತ ಕಂಪ್ಯೂಟರಿನಲ್ಲಿ ಒಂದು ದೂರು. ಅಷ್ಟೇ. ಮರುದಿನದಿಂದ ಅವನ ಇಕಾಮಾ ಬರೀ ಪ್ಲಾಸ್ಟಿಕ್ ತುಂಡು. ಗಲ್ಫ್‌ನಲ್ಲಿ ಇಂಥವರಿಗೆ 'ಖಲ್ಲಿವಲ್ಲಿ' ಅನ್ನುತ್ತಾರೆ.

ಅವನನ್ನು ನೋಡಲು ಶುಕ್ರವಾರ ದಮ್ಮಾಮಿಗೆ ಹೋಗುತ್ತಿದ್ದೆ. ದೊಡ್ಡ ರಸ್ತೆಗೆ ಬರುತ್ತಿರಲಿಲ್ಲ, ಗಲ್ಲಿಯಲ್ಲೇ ಸಿಗುತ್ತಿದ್ದ. ಮಾತಾಡುವಾಗ ಕಣ್ಣು ಯಾವಾಗಲೂ ಗಲ್ಲಿಯ ಬಾಯಿಯ ಕಡೆ. ಸಿಮೆಂಟ್ ಧೂಳಿಗೆ ಕೆಮ್ಮು ಹತ್ತಿತ್ತು. ಆಸ್ಪತ್ರೆಗೆ ಹೋದರೆ ಇಕಾಮಾ ಕೇಳುತ್ತಾರೆ ಅಂತ ನನ್ನ ಕೈಯಲ್ಲಿ ಮಾತ್ರೆ ತರಿಸಿಕೊಳ್ಳುತ್ತಿದ್ದ. ಹೊರಗಿನ ಕೆಲಸ ಕೊಟ್ಟವನಿಗೂ ಇವನ ಸ್ಥಿತಿ ಗೊತ್ತು. ಹೇಳಿದ ಕೂಲಿಯಲ್ಲಿ ಮುರಿದುಕೊಂಡೇ ಕೊಡುತ್ತಿದ್ದ. ಇವನು ಯಾರ ಹತ್ತಿರ ಹೋಗಿ ದೂರು ಕೊಡಬೇಕು?

ಇವನು ಗಡಿ ಹಾರಿ ಬಂದವನಲ್ಲ. ಮೆಡಿಕಲ್ ಮಾಡಿಸಿ, ವೀಸಾ ಹಾಕಿಸಿ, ವಿಮಾನ ನಿಲ್ದಾಣದಲ್ಲಿ ಬೆರಳಚ್ಚು ಕೊಟ್ಟು ಒಳಗೆ ಬಂದವನು. ಅವನನ್ನು ಅಕ್ರಮ ಮಾಡಿದ್ದು, ಒಪ್ಪಂದದ ಮೇಲೆ ಹೊರದೇಶದ ಆಳನ್ನು ಕರೆಸಿಕೊಳ್ಳುವ ಈ ಅತಿಥಿ ಕಾರ್ಮಿಕ ಪದ್ಧತಿಯೇ. ಕೂಲಿ ಕೊಡದವನಿಗೇನೂ ಆಗಲಿಲ್ಲ. ಕೂಲಿ ಸಿಗದವನು ಅಪರಾಧಿಯಾದ. ಇದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

2013ರಲ್ಲಿ ಸೌದಿ ಸರ್ಕಾರ, ಕಂಪನಿಗಳು ಇಂತಿಷ್ಟು ಸೌದಿಯವರನ್ನು ಕೆಲಸಕ್ಕೆ ಇಟ್ಟುಕೊಳ್ಳಲೇಬೇಕು ಅನ್ನುವ ನಿತಾಖತ್ ನಿಯಮವನ್ನು ಬಿಗಿ ಮಾಡಿತು. ಜೊತೆಗೆ ನವೆಂಬರ್ 3ರವರೆಗೆ ಒಂದು ಗಡುವು ಕೊಟ್ಟಿತು. ಕಾಗದ ಸರಿ ಇಲ್ಲದವರು ಹಳೆಯ ಕಫೀಲನ ಒಪ್ಪಿಗೆ ಇಲ್ಲದೆ ಬೇರೆ ಕಡೆ ಸೇರಬಹುದು, ಇಲ್ಲವೇ ದಂಡ ಇಲ್ಲದೆ ಊರಿಗೆ ಹೋಗಬಹುದು. ಲಕ್ಷಕ್ಕೂ ಹೆಚ್ಚು ಭಾರತೀಯರು ವಾಪಸ್ ಬಂದರು. ಕರೀಂನಗರದವನೂ ಪಾಸ್‌ಪೋರ್ಟ್ ಬದಲು ಕೊಡುವ ಔಟ್‌ಪಾಸ್ ಹಿಡಿದು ಬಂದ. ಅಲ್ಲೇ ಉಳಿದು ಕಾಗದ ಸರಿ ಮಾಡಿಕೊಂಡವರೂ ಬೇಕಾದಷ್ಟು ಜನ. ಬಾಗಿಲು ತೆಗೆದದ್ದೇ ತಡ, ಅಕ್ರಮವಾಗಿದ್ದವರು ತಾವಾಗಿಯೇ ಸಕ್ರಮದ ಸಾಲಿನಲ್ಲಿ ನಿಂತರು. ಇದನ್ನು ನಾನು ಮರೆಯುವುದಿಲ್ಲ. ಆಮೇಲೆ 2021ರಲ್ಲಿ, ಒಪ್ಪಂದದ ಒಂದು ವರ್ಷ ಮುಗಿದ ಮೇಲೆ ಮಾಲೀಕನ ಒಪ್ಪಿಗೆ ಇಲ್ಲದೆ ಕೆಲಸ ಬದಲಾಯಿಸಬಹುದು ಅಂತ ಸೌದಿಯಲ್ಲಿ ನಿಯಮ ಬಂತು. ಮನೆಗೆಲಸದವರು, ಮನೆಯ ಡ್ರೈವರ್‌ಗಳು ಅದರಲ್ಲಿ ಸೇರಲಿಲ್ಲ. ಪಾಪ, ಜಾಸ್ತಿ ಬೇಕಾಗಿದ್ದದ್ದು ಅವರಿಗೇ.

ಈಗ ಅಮೆರಿಕದ ಕಥೆಗೆ ಬರುತ್ತೇನೆ. ಮಂಡಿಯಲ್ಲಿ ಕುಳಿತು ನಾವು ಹೊಸದಾಗಿ ಯೋಚಿಸುತ್ತಿರುವುದನ್ನು ಅವರು ಒಮ್ಮೆ ಮಾಡಿ ಮುಗಿಸಿದ್ದಾರೆ.

ಎರಡನೇ ಮಹಾಯುದ್ಧದ ನಡುವೆ, 1942ರ ಆಗಸ್ಟ್‌ನಲ್ಲಿ, ಅಮೆರಿಕ ಮತ್ತು ಮೆಕ್ಸಿಕೋ ಸರ್ಕಾರಗಳು ಬ್ರಸೆರೊ ಅನ್ನುವ ಯೋಜನೆ ಶುರು ಮಾಡಿದವು. ಮೆಕ್ಸಿಕೋದ ಗಂಡಸರು ಒಪ್ಪಂದದ ಮೇಲೆ ಬಂದು ಹೊಲದಲ್ಲಿ ದುಡಿದು ವಾಪಸ್ ಹೋಗಬೇಕು. 1964ರ ಕೊನೆಯವರೆಗೆ ಸುಮಾರು 46 ಲಕ್ಷ ಒಪ್ಪಂದಗಳಾದವು, ಒಬ್ಬೊಬ್ಬರೇ ಹಲವು ಸಲ ಬಂದದ್ದೂ ಸೇರಿ. ಕಾಗದದ ಮೇಲೆ ಎಲ್ಲ ಚೆನ್ನಾಗಿತ್ತು. ಉಚಿತ ವಸತಿ, ಊರಿನವರಿಗೆ ಕೊಡುವಷ್ಟೇ ಕೂಲಿ, ಹೋಗಿ ಬರುವ ಖರ್ಚು. ಗಡಿಯಲ್ಲಿ ಮಾತ್ರ ಬಟ್ಟೆ ಬಿಚ್ಚಿಸಿ ಡಿಡಿಟಿ ಪುಡಿ ಹೊಡೆಯುತ್ತಿದ್ದರು. ಹೊಲದಲ್ಲಿ ಗಿಡ್ಡ ಹಿಡಿಯ ಗುದ್ದಲಿ ಕೊಟ್ಟು ದಿನವಿಡೀ ಬಗ್ಗಿ ಕೆಲಸ ಮಾಡಿಸುತ್ತಿದ್ದರು. ಆ ಗುದ್ದಲಿಯನ್ನು ಕ್ಯಾಲಿಫೋರ್ನಿಯಾ ನಿಷೇಧಿಸಿದ್ದು 1975ರಲ್ಲಿ. ಮೊದಲ ವರ್ಷಗಳಲ್ಲಿ ಕೂಲಿಯ ನೂರಕ್ಕೆ 10 ಭಾಗ ಉಳಿತಾಯ ಅಂತ ಹಿಡಿದು ಮೆಕ್ಸಿಕೋದ ಬ್ಯಾಂಕಿಗೆ ಕಳಿಸಿದರು. ಎಷ್ಟೋ ಜನರಿಗೆ ಆ ದುಡ್ಡು ಕಣ್ಣಿಗೂ ಕಾಣಲಿಲ್ಲ.

ಇದರಿಂದ ಕದ್ದು ಬರುವುದು ನಿಂತಿತಾ? ಮೊದಲ 12 ವರ್ಷ ನಿಲ್ಲಲಿಲ್ಲ, ಹೆಚ್ಚೇ ಆಯಿತು. ಒಪ್ಪಂದದವನಿಗೆ ವಸತಿ ಕೊಡಬೇಕು, ಕಾಗದ ಬರೆಯಬೇಕು. ಕದ್ದು ಬಂದವನಿಗೆ ಅದ್ಯಾವುದೂ ಬೇಡ. ರೈತ ಯಾರನ್ನು ಇಟ್ಟುಕೊಳ್ಳುತ್ತಾನೆ? ಟೆಕ್ಸಾಸ್‌ನಲ್ಲಿ ತನ್ನ ಜನರನ್ನು ಕೀಳಾಗಿ ನೋಡುತ್ತಾರೆ ಅಂತ ಮೆಕ್ಸಿಕೋ ಸರ್ಕಾರ ಕೆಲವು ವರ್ಷ ಅಲ್ಲಿಗೆ ಆಳು ಕಳಿಸಲೇ ಇಲ್ಲ. ಅಲ್ಲಿನ ರೈತರು ಕಾಗದ ಇಲ್ಲದವರಿಂದಲೇ ಬೆಳೆ ತೆಗೆದರು. 1952ರ ಕಾನೂನು ಅಕ್ರಮ ವಲಸಿಗರಿಗೆ ಆಶ್ರಯ ಕೊಡುವುದು ಅಪರಾಧ ಅಂದಿತು, ಆದರೆ ಕೆಲಸ ಕೊಡುವುದು ಆಶ್ರಯ ಕೊಟ್ಟ ಹಾಗಲ್ಲ ಅಂತಲೂ ಅಂದಿತು! ದೊಡ್ಡ ರೈತರ ಕೈ ಎಷ್ಟು ಉದ್ದ ಇತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

1954ರಲ್ಲಿ ಸರ್ಕಾರ ಸೇನೆಯ ಹಾಗೆ ಕಾರ್ಯಾಚರಣೆ ಮಾಡಿ ಜನರನ್ನು ಹಿಡಿದು ಗಡಿಯಾಚೆ ಹಾಕಿತು. ಆ ವರ್ಷ ಸಿಕ್ಕಿಬಿದ್ದವರ ಲೆಕ್ಕ 10 ಲಕ್ಷ ದಾಟಿತ್ತು. ಅದೇ ಹೊತ್ತಿಗೆ ಒಪ್ಪಂದಗಳನ್ನೂ ಜಾಸ್ತಿ ಮಾಡಿದರು, 1956ರಲ್ಲಿ 4 ಲಕ್ಷಕ್ಕೂ ಹೆಚ್ಚು. ಮುಂದಿನ ವರ್ಷಗಳಲ್ಲಿ ಸಿಕ್ಕಿಬೀಳುವವರು ವರ್ಷಕ್ಕೆ ಒಂದು ಲಕ್ಷದ ಒಳಗೆ ಇಳಿದರು. ಯೋಜನೆ ಮುಚ್ಚಿದ ಮೇಲೆ ಮತ್ತೆ ಏರುತ್ತಾ ಹೋಗಿ, 1970ರ ದಶಕ ಮುಗಿಯುವುದರೊಳಗೆ ಪುನಃ 10 ಲಕ್ಷ ದಾಟಿತು. ಕೆಲಸದ ವೀಸಾ ಬೇಕು ಅನ್ನುವವರು ತೋರಿಸುವುದು ಈ ಲೆಕ್ಕವನ್ನೇ. ಅದು ಸುಳ್ಳಲ್ಲ. ಸಾಕಷ್ಟು ವೀಸಾ ಇದ್ದಾಗ, ಗಡಿಯಲ್ಲಿ ಬಿಗಿಯೂ ಇದ್ದಾಗ ಕದ್ದು ಬರುವವರು ನಿಜವಾಗಿಯೂ ಕಡಿಮೆಯಾದರು.

ಆದರೆ ಅದೇ ವರ್ಷಗಳಲ್ಲಿ ಅಲ್ಲಿನ ಊರ ಕೂಲಿಯವರಿಗೆ ಏನಾಯಿತು ಅನ್ನುವುದನ್ನೂ ನೋಡಬೇಕಲ್ಲ. ಕೂಲಿ ಜಾಸ್ತಿ ಕೇಳಿದರೆ 'ಬೇಡ ಹೋಗು, ಬ್ರಸೆರೊ ಇದ್ದಾನೆ'. ಬ್ರಸೆರೊ ಬಾಯಿ ಬಿಟ್ಟರೆ ಅವನನ್ನು ಊರಿಗೆ ಅಟ್ಟಿದರಾಯಿತು. ಹೊಲದ ಕೂಲಿಕಾರರ ನಾಯಕ ಸೀಸರ್ ಚಾವೆಜ್ ಈ ಯೋಜನೆಯನ್ನು ವಿರೋಧಿಸಿದ್ದು ಇದಕ್ಕೇ. ಯೋಜನೆ ನಿಂತ ಮರುವರ್ಷವೇ, 1965ರ ಸೆಪ್ಟೆಂಬರ್‌ನಲ್ಲಿ, ಕ್ಯಾಲಿಫೋರ್ನಿಯಾದ ಡೆಲಾನೊದಲ್ಲಿ ದ್ರಾಕ್ಷಿ ಕೂಲಿಕಾರರ ದೊಡ್ಡ ಮುಷ್ಕರ ಶುರುವಾಯಿತು. ಕೆಲಸ ಬಿಟ್ಟು ಹೋಗಲಾರದ ಮನುಷ್ಯನನ್ನು ಪಕ್ಕದಲ್ಲಿ ನಿಲ್ಲಿಸಿದರೆ, ಬಿಟ್ಟು ಹೋಗಬಲ್ಲವನ ಮಾತಿಗೂ ಬೆಲೆ ಇರುವುದಿಲ್ಲ.

ಈಗ ಅಲ್ಲಿ ಹೊಲಗೆಲಸಕ್ಕೆ ಎಚ್-2ಎ ಅನ್ನುವ ವೀಸಾ ಇದೆ. ಎಷ್ಟು ಜನ ಬೇಕಾದರೂ ಬರಬಹುದು, ಮಿತಿ ಇಲ್ಲ. ಮಾಲೀಕ ಉಚಿತ ವಸತಿ ಕೊಡಬೇಕು. ಆದರೂ ಅಲ್ಲಿ ಬೆಳೆ ಕೆಲಸದ ಹತ್ತು ಜನರಲ್ಲಿ ಸುಮಾರು ನಾಲ್ವರಿಗೆ ಕಾಗದ ಇಲ್ಲ. ಯಾಕೆ? ಒಂದು ಕಾರಣ ನಮ್ಮವರಿಗೆ ತಕ್ಷಣ ಅರ್ಥವಾಗುತ್ತದೆ. ಆ ವೀಸಾ ಇರುವುದು ಹಂಗಾಮಿನ ಕೆಲಸಕ್ಕೆ ಮಾತ್ರ. ಅಡಿಕೆ ಕೊಯ್ಲಿಗೆ ಹಂಗಾಮು ಉಂಟು. ಹಾಲು ಕರೆಯುವುದಕ್ಕೆ ಉಂಟಾ? ಹಾಗಾಗಿ ಅಲ್ಲಿನ ಡೈರಿಗಳಿಗೆ ಈ ವೀಸಾ ಬಹುತೇಕ ಸಿಗುವುದಿಲ್ಲ. ಹಾಲು ಕರೆಯುವ ಕೆಲಸ ದೊಡ್ಡ ಮಟ್ಟಕ್ಕೆ ಕಾಗದ ಇಲ್ಲದವರ ಮೇಲೆಯೇ ನಡೆಯುತ್ತಿದೆ. ಇನ್ನೊಂದು ಕಾರಣ ಹಳೆಯದ್ದೇ, ವೀಸಾ ಮಾಲೀಕನಿಗೆ ಕಟ್ಟಿದ್ದು.

ಮುಗಿದ ಮೇಲೆ ವಾಪಸ್ ಕಳಿಸಿದರಾಯಿತು ಅನ್ನುವವರು ಜರ್ಮನಿಯನ್ನು ನೋಡಬೇಕು. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳಾ? 1955ರಲ್ಲಿ ಇಟಲಿಯ ಜೊತೆ, 1961ರಲ್ಲಿ ಟರ್ಕಿಯ ಜೊತೆ ಪಶ್ಚಿಮ ಜರ್ಮನಿ ಒಪ್ಪಂದ ಮಾಡಿಕೊಂಡಿತು. ಟರ್ಕಿಯವರಿಗೆ ಎರಡು ವರ್ಷದ ಅವಧಿ ಅಂತ ಇತ್ತು. 1964ರಲ್ಲಿ ಆ ಅವಧಿಯನ್ನು ತೆಗೆಸಿದವರಲ್ಲಿ ಅಲ್ಲಿನ ಕಾರ್ಖಾನೆಯವರೇ ಮುಂದೆ ಇದ್ದರು. ಕೆಲಸ ಕಲಿತವನನ್ನು ಕಳಿಸಿ ಹೊಸಬನಿಗೆ ಮತ್ತೆ ಅ ಆ ಇ ಈಯಿಂದ ಹೇಳಿಕೊಡಲು ಯಾರಿಗೆ ಇಷ್ಟ? ನಾವೂ ಹಾಗೇ ಅಲ್ವಾ. ಅಡಿಕೆ ಕೊನೆ ಇಳಿಸುವ ಒಳ್ಳೆಯ ಕೊನೆಗೌಡ ಸಿಕ್ಕರೆ ಮುಂದಿನ ವರ್ಷಕ್ಕೂ ಅವನೇ ಬೇಕು ಅಂತ ಮುಂಗಡ ಕೊಟ್ಟಿಡುತ್ತೇವೆ. 1973ರಲ್ಲಿ ಜರ್ಮನಿ ಹೊಸಬರನ್ನು ಕರೆಸುವುದನ್ನು ನಿಲ್ಲಿಸಿತು. ಆಗ ಇದ್ದವರಿಗೆ ಹೆದರಿಕೆ ಹುಟ್ಟಿತು. ಈಗ ಹೋದರೆ ಮತ್ತೆ ಬಿಡುವುದಿಲ್ಲ ಅಂತ ಎಷ್ಟೋ ಜನ ಅಲ್ಲೇ ಉಳಿದು ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಅಲ್ಲಿಯವರೆಗೆ ಬಾಗಿಲು ತೆರೆದಿದ್ದಾಗ ಸುಮಾರು 1 ಕೋಟಿ 40 ಲಕ್ಷ ಜನ ಬಂದು, 1 ಕೋಟಿ 10 ಲಕ್ಷದಷ್ಟು ಜನ ತಾವಾಗಿಯೇ ವಾಪಸ್ ಹೋಗಿದ್ದರು. ಮತ್ತೆ ಬರಬಹುದು ಅನ್ನುವ ನಂಬಿಕೆ ಇದ್ದವನು ಊರಿಗೆ ಹೋಗುತ್ತಾನೆ. ನನ್ನ ಜೊತೆ ಜುಬೈಲ್‌ನಲ್ಲಿದ್ದವರೂ ಅಷ್ಟೇ, ಯಾರಿಗೂ ಅಲ್ಲೇ ಮಣ್ಣಾಗುವ ಆಸೆ ಇರಲಿಲ್ಲ.

ದಕ್ಷಿಣ ಕೊರಿಯಾ 2004ರಲ್ಲಿ ಏಜೆಂಟರನ್ನು ಬಿಟ್ಟು ಸರ್ಕಾರದಿಂದ ಸರ್ಕಾರಕ್ಕೆ ನೇರ ವ್ಯವಸ್ಥೆ ತಂದಿತು. ಅದಕ್ಕೂ ಮೊದಲು ಅಲ್ಲಿ 'ತರಬೇತಿ' ಹೆಸರಲ್ಲಿ ಕರೆಸಿಕೊಂಡು ಕಡಿಮೆ ದುಡ್ಡು ಕೊಡುತ್ತಿದ್ದರು. ಜನ ಓಡಿಹೋಗಿ ಅಕ್ರಮವಾಗಿ ದುಡಿಯುತ್ತಿದ್ದರು. ಹೊಸ ವ್ಯವಸ್ಥೆಯಲ್ಲಿ ಏಜೆಂಟರಿಗೆ ಸುರಿಯುವ ಸಾಲ ತಪ್ಪಿತು. ಕೆಲಸದ ಜಾಗ ಬದಲಾಯಿಸಲು ಮಾತ್ರ ಅಲ್ಲೂ ಕಟ್ಟುಪಾಡು ಇದೆ. ಅರ್ಧ ಸರಿ ಮಾಡಿದ್ದಾರೆ.

ಇಷ್ಟು ದೂರದ ಮಾತು ಯಾಕೆ ಅಂದರೆ, ಇದೇ ನಮ್ಮ ಮಲೆನಾಡಿನಲ್ಲಿ ಈಗ ಕಣ್ಣೆದುರು ನಡೆಯುತ್ತಿದೆ.

ಕೊಪ್ಪ, ಮೂಡಿಗೆರೆ ಕಡೆಯ ಕಾಫಿ ಎಸ್ಟೇಟ್‌ಗಳ ಕೂಲಿ ಮನೆಗಳ ಲೈನ್‌ಗಳಲ್ಲಿ ಅಸ್ಸಾಮಿನವರು, ಜಾರ್ಖಂಡಿನವರು ಇದ್ದಾರೆ. ನಮ್ಮ ಅಡಿಕೆ ಸೀಮೆಗೂ ಬರುತ್ತಿದ್ದಾರೆ. ನಮ್ಮೂರ ಕೂಲಿಯವರ ಮಕ್ಕಳು ಓದಿ ಶಿವಮೊಗ್ಗ, ಬೆಂಗಳೂರು ಸೇರಿದರು. ಸೇರಲಿ, ಒಳ್ಳೆಯದೇ. ಬಸಿಗಾಲುವೆ ತೆಗೆಯಲು, ಮಣ್ಣು ಹೊರಲು, ಕೊನೆ ಸಾಗಿಸಲು ಆಳಿಲ್ಲ. ಬಯಲುಸೀಮೆಯವರು ಮೊದಲಿನಷ್ಟು ಬರುವುದಿಲ್ಲ. ಅಸ್ಸಾಮಿನವರು ಇಲ್ಲದಿದ್ದರೆ ನನ್ನ ತೋಟದ ಅರ್ಧ ಕೆಲಸ ನಿಲ್ಲುತ್ತದೆ. ಅವರು ಇದೇ ದೇಶದವರು, ಅವರಿಗೆ ವೀಸಾ ಬೇಕಾಗಿಲ್ಲ. ಆದರೂ ಅವರು ಬೆಂಗಾಲಿ ಮಾತಾಡಿದರೆ ಸಾಕು, 'ಬಾಂಗ್ಲಾದವರು' ಅಂತ ಗುಸುಗುಸು ಶುರು.

ಹಿಂದಿನ ಮಳೆಗಾಲದಲ್ಲಿ ನಮ್ಮ ಪಕ್ಕದ ತೋಟದ ಲೈನಿಗೆ ರಾತ್ರಿ ಪೊಲೀಸ್ ಜೀಪು ಬಂತು. ಯಾರೋ ಫೋನ್ ಮಾಡಿದ್ದರು. ಮಳೆ ಹುಯ್ಯುತ್ತಿತ್ತು. ಹಿಂದಿ ಮಾತಾಡಲು ಬರುತ್ತದೆ ಅಂತ ನನ್ನನ್ನು ಕರೆದರು. ಗಂಡಸರೆಲ್ಲ ಜಗಲಿಯಲ್ಲಿ ಸಾಲಾಗಿ ನಿಂತಿದ್ದರು. ಆಧಾರ್ ಕೇಳಿದರೆ ಯಾರ ಹತ್ತಿರವೂ ಇಲ್ಲ. ಎಲ್ಲರದ್ದೂ ಕರೆತಂದ ಮೇಸ್ತ್ರಿಯ ಕೈಯಲ್ಲಿ. ಮುಂಗಡ ತೀರುವವರೆಗೆ ಬಿಟ್ಟು ಹೋಗದಿರಲಿ ಅಂತ ಅವನು ಇಟ್ಟುಕೊಂಡಿದ್ದ. ಅವನು ಅವತ್ತು ಊರಲ್ಲೇ ಇಲ್ಲ. ಅವರಲ್ಲಿ ವಯಸ್ಸಾದ ಒಬ್ಬ ತನ್ನ ಟ್ರಂಕಿನ ತಳದಿಂದ ಲ್ಯಾಮಿನೇಟ್ ಮಾಡಿಸಿದ ಒಂದು ಹಾಳೆ ತೆಗೆದ. 1966ರ ಮತದಾರರ ಪಟ್ಟಿಯ ನಕಲು. ಬರಪೇಟಾ ಕಡೆಯದು. ಅದರಲ್ಲಿ ಅವನ ಅಪ್ಪನ ಹೆಸರಿನ ಕೆಳಗೆ ಕೆಂಪು ಇಂಕಿನ ಗೆರೆ. ಅಸ್ಸಾಮಿನ ನಾಗರಿಕರ ಪಟ್ಟಿ ಎನ್‌ಆರ್‌ಸಿಗಾಗಿ ತೆಗೆಸಿದ್ದಂತೆ. 1971ರ ಮಾರ್ಚ್ 24ಕ್ಕಿಂತ ಮೊದಲೇ ಮನೆತನ ಇಲ್ಲಿತ್ತು ಅಂತ ತೋರಿಸಲು. ಮೇಸ್ತ್ರಿ ಎಷ್ಟು ಕೇಳಿದರೂ ಆ ಒಂದು ಹಾಳೆಯನ್ನು ಅವನು ಕೊಟ್ಟಿರಲಿಲ್ಲ. ಟಾರ್ಚ್ ಬೆಳಕಿನಲ್ಲಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ತೋರಿಸಿದ. ಪೊಲೀಸರ ಕೈಗೂ ಬಿಡಲಿಲ್ಲ.

ಅವನನ್ನು ಬಿಟ್ಟರು. ಹುಡುಗರಲ್ಲಿ ಕೆಲವರನ್ನು ಠಾಣೆಗೆ ಕರೆದುಕೊಂಡು ಹೋಗಿ, ಮರುದಿನ ಮೇಸ್ತ್ರಿ ಕಾರ್ಡು ತಂದ ಮೇಲೆ ಕಳಿಸಿದರು. ಪೊಲೀಸರು ಹೊಡೆಯಲಿಲ್ಲ, ಬೈಯಲೂ ಇಲ್ಲ. ಆದರೂ ಇದೇ ದೇಶದ ಹುಡುಗರು ಒಂದು ರಾತ್ರಿ ಇದೇ ದೇಶದಲ್ಲಿ ಅಕ್ರಮ ವಲಸಿಗರಾಗಿದ್ದರು. ಅವರ ಕಾಗದ ಬೇರೆಯವರ ಜೇಬಿನಲ್ಲಿತ್ತು, ಅದಕ್ಕೆ.

1979ರಲ್ಲೇ ನಮ್ಮಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾನೂನು ಬಂದಿತ್ತು. ಗುತ್ತಿಗೆದಾರ ಪ್ರತಿ ಕೆಲಸಗಾರನಿಗೂ ಫೋಟೋ ಅಂಟಿಸಿದ ಪಾಸ್‌ಬುಕ್ ಮಾಡಿಕೊಡಬೇಕು, ಕೂಲಿ, ಮುಂಗಡ, ಕಡಿತ ಎಲ್ಲ ಅದರಲ್ಲಿ ಬರೆಯಬೇಕು, ಪಾಸ್‌ಬುಕ್ ಕೆಲಸಗಾರನ ಹತ್ತಿರವೇ ಇರಬೇಕು ಅಂತ ಅದರಲ್ಲಿತ್ತು. ನಮ್ಮ ಸುತ್ತಮುತ್ತ ಅಂಥ ಒಂದು ಪಾಸ್‌ಬುಕ್ ನಾನು ನೋಡಿಲ್ಲ. ನನ್ನ ತೋಟಕ್ಕೆ ಬರುವವರ ವಿಚಾರದಲ್ಲಿ ಮೊದಲಿನಿಂದಲೂ ಒಂದು ಷರತ್ತು ಇಟ್ಟಿದ್ದೇನೆ. ಕಾರ್ಡು ಅವರವರ ಕೈಯಲ್ಲೇ ಇರಬೇಕು, ಕೂಲಿಯನ್ನು ನಾನು ಅವರಿಗೇ ಕೊಡುತ್ತೇನೆ, ಮೇಸ್ತ್ರಿಯ ಕೈಗಲ್ಲ. ಮುಂಗಡ ತೆಗೆದುಕೊಂಡು ಒಬ್ಬಿಬ್ಬರು ಹೋಗಿದ್ದೂ ಉಂಟು. ಹೋಗಲಿ. ಉಳಿದವರು ಮರುವರ್ಷ ತಮ್ಮ ತಮ್ಮಂದಿರನ್ನೂ ಕರೆದುಕೊಂಡು ಬಂದರು.

ಬಾಂಗ್ಲಾದೇಶದಿಂದ ನಿಜವಾಗಿ ಕದ್ದು ಬಂದವರೂ ಈ ದೇಶದಲ್ಲಿ ಇದ್ದಾರೆ. 4,096 ಕಿಲೋಮೀಟರ್ ಗಡಿ ಅದು, ನಡುವೆ ನದಿಗಳು. ಅವರಿಗೆ ಕೆಲಸದ ಪರ್ಮಿಟ್ ಕೊಡೋಣ ಅಂದರೆ ನಮ್ಮ ಕಡೆ ಜಗಳವೇ ಆಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಕೊಡುವುದಾದರೆ ಎಣಿಸಿ, ಹೆಸರು ಬರೆದು, ಅವಧಿ ಹಾಕಿ, ಅವರ ಕೈಗೇ ಕೊಡಿ. ಒಬ್ಬ ಮಾಲೀಕ ಕೂಲಿ ಕೊಡದಿದ್ದರೆ ಇನ್ನೊಬ್ಬನ ಹತ್ತಿರ ಹೋಗುವ ಹಾಗಿರಲಿ. ಇಲ್ಲಿನವರಿಗೆ ಕೊಡುವ ಕೂಲಿಗಿಂತ ಒಂದು ರೂಪಾಯಿ ಕಡಿಮೆ ಕೊಟ್ಟರೂ ಮಾಲೀಕನಿಗೆ ದಂಡ ಬೀಳಲಿ. ಹೀಗೆ ಮಾಡಲು ಆಗದಿದ್ದರೆ ಆ ಯೋಜನೆಯೇ ಬೇಡ. ಅರೆಬರೆ ಮಾಡಿದರೆ ಕಡಿಮೆ ಕೂಲಿಗೆ ಬಾಯಿ ಮುಚ್ಚಿ ದುಡಿಯುವವರ ಗುಂಪೊಂದನ್ನು ಸರ್ಕಾರವೇ ಮಾಲೀಕರಿಗೆ ಒದಗಿಸಿದ ಹಾಗಾಗುತ್ತದೆ. ಕೆಟ್ಟ ಹೆಸರು ಮಾತ್ರ ಆ ಬಡವರಿಗೆ.

ಈ ವಾರ ಸಾಗರದಿಂದ ಒಬ್ಬ ಹುಡುಗ ಫೋನ್ ಮಾಡಿದ್ದ, ವೆಲ್ಡರ್. ಗಲ್ಫ್ ಕೆಲಸದ ಆಫರ್ ಬಂದಿದೆಯಂತೆ, ಹೋಗಲಾ ಅಂತ ಕೇಳಿದ. ಹೋಗಬೇಡ ಅನ್ನಲಿಲ್ಲ. ಏಜೆಂಟ್ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದ್ದಾನಾ ನೋಡು ಅಂದೆ. ಅವನ ಸೇವಾ ಶುಲ್ಕಕ್ಕೆ ಸರ್ಕಾರ ಇಟ್ಟಿರುವ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಅದಕ್ಕಿಂತ ಜಾಸ್ತಿ ಕೇಳಿದರೆ ಎದ್ದು ಬಾ. ವಿಸಿಟ್ ವೀಸಾದಲ್ಲಿ ಹೋಗಿ ಆಮೇಲೆ ಬದಲಾಯಿಸಿಕೊಡುತ್ತೇವೆ ಅಂದರೆ ನಂಬಬೇಡ. ಪ್ರವಾಸಿ ಭಾರತೀಯ ಬೀಮಾ ವಿಮೆ ಮಾಡಿಸು. ಒಪ್ಪಂದದ ಪ್ರತಿ ಪುಟದ ಫೋಟೋ ತೆಗೆದು ಮನೆಗೆ ಕಳಿಸು. ಆಮೇಲೆ ಏಜೆಂಟ್‌ಗೆ ಒಂದು ಪ್ರಶ್ನೆ ಕೇಳು, ಸಂಬಳ ಬರದಿದ್ದರೆ ಬೇರೆ ಕಂಪನಿಗೆ ಟ್ರಾನ್ಸ್‌ಫರ್ ಆಗಬಹುದಾ, ಎಷ್ಟು ತಿಂಗಳಿಗೆ, ಯಾರ ಸಹಿ ಬೇಕು ಅಂತ. ಅವನು ಉತ್ತರವನ್ನು ಬರೆದು ಕೊಟ್ಟರೆ ನನಗೂ ಒಂದು ಪ್ರತಿ ಕಳಿಸು ಅಂದಿದ್ದೇನೆ.